ಹಲ್ಲಿನವರ ಪೈಕಿ

ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಡಾಕ್ಟರರ ವಾಟ್ಸ್ಯಾಪ್ ಸ್ಟೇಟಸ್ಸಿನಿಂದ. ಸುತ್ತ ಹೂವಿನ ಚೌಕಟ್ಟು, ನಡುವೆ ಅವರ ಫೋಟೋ. ಅದೂ ಯಾವುದೋ ಗುಂಪಿನ ಚಿತ್ರದಿಂದ ಕತ್ತರಿಸಿ ತೆಗೆದದ್ದು, ಭುಜದ ಹತ್ತಿರ ಬೇರೆ ಯಾರದೋ ಅರ್ಧ ಕೈ ಉಳಿದಿತ್ತು. ಕೆಳಗೆ ಎರಡು ಸಾಲು: ‘ನಮ್ಮ ದವಾಖಾನೆ ಕುಟುಂಬದ ಹಿರಿಯರು. ಕೆಲವು ವರ್ಷಗಳ ಹಿಂದೆ ತಾವಾಗಿಯೇ ನಿವೃತ್ತಿ ಪಡೆದಿದ್ದರು.’ ಕೊನೆಗೆ ಕೈ ಮುಗಿದ ಗುರುತು. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ ಹಿರಿಯರು. ಸುಳ್ಳು ಆಡಬೇಕು ಅಂತ ಯಾವ ಹಿರಿಯರೂ ಹೇಳಿದ್ದು ನಾನು ಕೇಳಿಲ್ಲ.

ಸವದತ್ತಿಯಲ್ಲಿ ನನ್ನ ಲ್ಯಾಬಿಗೆ ಬೀಗ ಹಾಕಿ, ಸಿಕ್ಕ ಬಸ್ಸು ಹತ್ತಿ ರಾಮದುರ್ಗಕ್ಕೆ ಮಣ್ಣಿಗೆ ಹೋದೆ. ಕಾಕಾ ಕಡೆಗಾಲದಲ್ಲಿ ಅಲ್ಲಿ ಮಗಳ ಮನೆಯಲ್ಲಿದ್ದರು. ಮಣ್ಣು ಮುಗಿದ ಮೇಲೆ ಮಗಳು ನನ್ನ ಕೈ ಹಿಡಿದು ಕೇಳಿದಳು: “ಅಕ್ಕಾರ, ನೀವು ಅಪ್ಪನ ಜೋಡಿ ಕೆಲಸಾ ಮಾಡಿದವ್ರು. ಅಪ್ಪಾ ದವಾಖಾನಿ ಯಾಕ ಬಿಟ್ಟಾ? ಎಷ್ಟ ಸಲ ಕೇಳಿದ್ರೂ ‘ಸಾಕಾತವಾ’ ಅಂತಿದ್ದ, ಅಷ್ಟ.” ಅಳುವವರ ನಡುವೆ ನಿಂತು ಹೇಳುವ ಮಾತಲ್ಲ ಅದು. ಬರೆದು ತಿಳಿಸುತ್ತೇನೆ ತಂಗಿ ಅಂದು ಬಂದೆ. ಹಾಗಾಗಿ ಇದನ್ನು ಯಾರು ಓದಿದರೂ ಸರಿ, ಅವಳು ಮಾತ್ರ ಓದಲೇಬೇಕು.

ಬೈಲಹೊಂಗಲದ ಆ ಹಲ್ಲಿನ ದವಾಖಾನೆಯ ಹಿಂದಿನ ಕೋಣೆಯೇ ಲ್ಯಾಬು. ಮುಂದಿನ ಕೋಣೆಯಲ್ಲಿ ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆಯುವರು, ಹಿಂದಿನ ಕೋಣೆಯಲ್ಲಿ ಕಾಕಾ ಆ ಅಳತೆಗೆ ಹಲ್ಲಿನ ಸೆಟ್ಟು ಮಾಡುವರು. ನಡುವೆ ಬಾಗಿಲಿರಲಿಲ್ಲ, ಹಸಿರು ಬಣ್ಣದ ಒಂದು ಪರದೆ ಇತ್ತು. ಎರಡೂ ಕೋಣೆಗಳ ನಡುವೆ ಹೋಗಿಬರುವ ಸ್ವಾತಂತ್ರ್ಯ ಇದ್ದದ್ದು ಡಾಕ್ಟರಿಗೆ ಮತ್ತು ಚಹದ ಕಪ್ಪಿಗೆ. “ಈ ಹಲ್ಲು ಎಲ್ಲೆ ಮಾಡತಾರ್ರಿ?” ಎಂದು ಯಾರಾದರೂ ಕೇಳಿದರೆ ಡಾಕ್ಟರು, “ಒಳಗ ಮಶಿನ್ ಅದಾವ್ರಿ” ಅನ್ನುತ್ತಿದ್ದರು. ಕಾಕಾ ಇತ್ತ ತಮ್ಮ ಎದೆಯ ಮೇಲೆ ಬೆರಳಿಟ್ಟು, ಗುರ್ರ್ ಎಂದು ಮಶಿನ್ನಿನ ಸದ್ದು ಮಾಡಿ ತೋರಿಸುತ್ತಿದ್ದರು. ನಗು ತಡೆಯಲು ನಾನು ಬಾಯಿಗೆ ಸೆರಗು ತುರುಕಿಕೊಳ್ಳಬೇಕಾಗುತ್ತಿತ್ತು. ಈಗ ನೆನೆದರೆ ನಗು ಬರುವುದಿಲ್ಲ.

ನಾನು ಡಿಪ್ಲೊಮಾ ಮುಗಿಸಿ ಸಿರಸಂಗಿಯಿಂದ ಅಲ್ಲಿ ಕೆಲಸಕ್ಕೆ ಸೇರಿದ ದಿನವೇ ಅವರು ನನ್ನ ಹೆಸರನ್ನು ಕಿತ್ತು ಬಿಸಾಕಿದರು. “ಏ ಸಿರಸಂಗಿ, ಕಾಲೇಜಿನ್ಯಾಗ ಕಲ್ತದ್ದನ್ನೆಲ್ಲಾ ಚಪ್ಪಲಿ ಜೋಡಿ ಹೊರಗ ಬಿಟ್ಟ ಬಾ” ಅಂದರು. ಅಂದಿನಿಂದ ಕಡೆಯವರೆಗೆ ನಾನು ಸಿರಸಂಗಿಯೇ. ಅವರು ಸಿಹಿ ಮಾತಿನ ಮನುಷ್ಯರಲ್ಲ. ಮಾತು ಬೇವಿನಕಾಯಿ, ಸಿಟ್ಟು ಮೂಗಿನ ತುದಿಯಲ್ಲಿ. ಹೊರಗೆ ಕೂಡುವ ಸಿಸ್ಟರಿಗೂ ಅವರಿಗೂ ಹಾವು ಮುಂಗುಸಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದ್ದು ನಾನು ನೋಡಲಿಲ್ಲ. ಪ್ಲಾಸ್ಟರ್ ಕಲಸುವ ಕೋಣೆಯಲ್ಲಿ ಬಿಳಿ ಅಂಗಿ! ಒಂದು ಹನಿ ನನ್ನಿಂದ ಸಿಡಿದರೆ ನಮ್ಮೂರ ದೇವಿ ಕಾಳವ್ವನವರೆಗೆ ಎಲ್ಲರೂ ಬೈಸಿಕೊಳ್ಳುತ್ತಿದ್ದರು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೊದಲು ಮೇಣದಲ್ಲಿ ಒಸಡು ಮಾಡಿ ಅದರಲ್ಲಿ ಹಲ್ಲು ಕೂರಿಸುತ್ತೇವೆ. ಅದನ್ನು ಹಿತ್ತಾಳೆಯ ಪೆಟ್ಟಿಗೆಯಲ್ಲಿ ಪ್ಲಾಸ್ಟರಿನೊಳಗೆ ಹೂತು, ಕುದಿಯುವ ನೀರು ಹಾಕಿ ಮೇಣವನ್ನೆಲ್ಲ ಕರಗಿಸಿ ತೆಗೆಯುತ್ತೇವೆ. ಹಲ್ಲುಗಳು ಪ್ಲಾಸ್ಟರಿನಲ್ಲಿ ಕಚ್ಚಿಕೊಂಡು ಉಳಿಯುತ್ತವೆ, ಒಸಡು ಇದ್ದಲ್ಲಿ ಪೊಳ್ಳು ಬೀಳುತ್ತದೆ. ಆ ಪೊಳ್ಳಿನಲ್ಲಿ ಗುಲಾಬಿ ಬಣ್ಣದ ಅಕ್ರಿಲಿಕ್ಕನ್ನು ಕಣಕದಂತೆ ನಾದಿ ತುಂಬಿ, ಬಿಗಿಯಾಗಿ ಒತ್ತಿ ನೀರಿನಲ್ಲಿ ಬೇಯಿಸಬೇಕು. ಆದರೆ ತುಂಬುವ ಮೊದಲು ಪ್ಲಾಸ್ಟರಿಗೆ ಕುಂಚದಿಂದ ಒಂದು ತೆಳ್ಳನೆಯ ದ್ರವ ಹಚ್ಚಬೇಕು. ಹಚ್ಚದಿದ್ದರೆ ಅಕ್ರಿಲಿಕ್ಕು ಪ್ಲಾಸ್ಟರನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಕೆತ್ತಿ ತೆಗೆದರೂ ಒರಟೊರಟು, ಬಾಯಿಗೆ ಹಾಕಿದರೆ ಹುಣ್ಣು. ಎಲ್ಲ ಲ್ಯಾಬುಗಳಲ್ಲಿ ಅದಕ್ಕೆ ಸೀಲ್ ಅನ್ನುತ್ತಾರೆ. ಕಾಕಾ ಒಬ್ಬರೇ ಅದನ್ನು ಪಡದಾ ಅನ್ನುತ್ತಿದ್ದರು. “ಪಡದಾ ಹಚ್ಚೀಯೇನ? ಪಡದಾ ಒಣಗೇತೇನ?” ಹೊರಗೆ ನೇತಾಡುವ ಹಸಿರು ಬಟ್ಟೆಯೂ ಪಡದಾ, ಒಳಗಿನ ಬಾಟಲಿಯೂ ಪಡದಾ.

ಈ ಪಡದಾದ ಒಂದು ಕಟ್ಟುನಿಟ್ಟು ಏನೆಂದರೆ, ಅದು ಪ್ಲಾಸ್ಟರಿಗೆ ತಾಗಬೇಕು, ಹಲ್ಲಿಗೆ ತಾಗಬಾರದು. ಹಲ್ಲಿನ ಬುಡಕ್ಕೆ ತಾಗಿತೋ, ಹಲ್ಲು ಮತ್ತು ಒಸಡು ಒಂದಾಗುವುದಿಲ್ಲ. ನೋಡಲು ಸೆಟ್ಟು ಚಂದವೇ ಇರುತ್ತದೆ, ಉಣ್ಣುವಾಗ ಹಲ್ಲು ಕಳಚುತ್ತದೆ. ಸೇರಿದ ಹೊಸದರಲ್ಲಿ ನಾನು ಗೋಡೆಗೆ ಸುಣ್ಣ ಬಳಿದಂತೆ ಎಲ್ಲದಕ್ಕೂ ಬಳಿದುಬಿಟ್ಟಿದ್ದೆ. ಬೇಯಿಸಿ ತೆಗೆದು ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಲು ಹೋದರೆ, ಹಲ್ಲುಗಳು ಜೋಳದ ಅರಳಿನಂತೆ ಸಿಡಿದು ಕೋಣೆಯ ತುಂಬ ಹಾರಿದವು. ಒಂದು ಹೋಗಿ ಕಾಕಾರ ಚಹದಲ್ಲೇ ಬಿತ್ತು. ಅವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, “ಯವ್ವಾ ತಾಯಿ, ಕೂಡಬೇಕಾದವ್ರ ನಡುವ ಪಡದಾ ಹಚ್ಚಾವ್ರು ನಮ್ಮೂರಾಗ ಮದಲ ಭಾಳ ಮಂದಿ ಅದಾರ. ನೀ ಬ್ಯಾರೆ ಯಾಕ?” ಅಂದರು. ಚಹ ಮಾತ್ರ ಬಿಡಲಿಲ್ಲ, ಕುಡಿದರು.

ಅವರ ಊರು ಕೋಟೆಯಿರುವ ತೊರಗಲ್. “ಕೋಟಿ ಊರಾಗ ಹುಟ್ಟಿದವ ನಾ, ಆದ್ರ ಕೋಟಿ ಹೊರಗ” ಎಂದು ಒಮ್ಮೆ ಹೇಳಿದ್ದರು, ಅಷ್ಟೇ. ಅವರ ಅಪ್ಪನ ಕಾಲದಲ್ಲೇ ಮನೆಯವರು ಬುದ್ಧನ ದಾರಿ ಹಿಡಿದವರು. ಲ್ಯಾಬಿನ ಗೋಡೆಗೆ ಬುದ್ಧನ ಒಂದು ಪುಟ್ಟ ಪಟ ಇತ್ತು, ಅದರ ಗಾಜಿನ ಮೇಲೆ ಪ್ಲಾಸ್ಟರಿನ ಧೂಳು ಕೂಡದಂತೆ ದಿನಾ ಒರೆಸುವರು. ಪೂಜೆ ಗೀಜೆ ಏನಿಲ್ಲ. ಒರೆಸುವುದೇ.

ಒಂದು ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಮುಂದೆ ಹಿಡಿದೆ. “ಇದನ್ನ ನಿಮ್ಮವ್ವ ನನಗೂ ಅಂತ ಬಡದಾಳೇನ, ನಿನಗಷ್ಟ ಬಡದಾಳೇನ? ಕೇಳಿ ಬಾ” ಅಂದರು. ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ ಎಂದು ಜಂಬದಿಂದ ಹೇಳಿ, ಸಂಜೆ ಊರಿಗೆ ಹೋದಾಗ ಅವ್ವನಿಗೆ ನಡೆದದ್ದನ್ನು ಹೇಳಿದೆ. ಅವ್ವ ಮರುದಿನ ರೊಟ್ಟಿ ಹೆಚ್ಚೇ ಕಟ್ಟಿದ್ದಳು. ನನ್ನವು ಡಬ್ಬಿಯಲ್ಲಿ, ಕಾಕಾರವು ಬೇರೆ ಹಳೆಯ ಅರಿವೆಯ ತುಂಡಿನಲ್ಲಿ. ಕಾಕಾ ಗಂಟು ಬಿಚ್ಚಿ, ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. “ನಿಮ್ಮವ್ವ ಶಾಣ್ಯಾಕಿ. ಪಡದಾ ಹಚ್ಚಿ ಕಳಸ್ಯಾಳ.” ಎಲ್ಲ ರೊಟ್ಟಿಯನ್ನೂ ತಿಂದು, “ಎಳ್ಳ ಭಾಳ ಛಲೋ ಹಚ್ಯಾಳ ಅಂತ ಹೇಳು” ಅಂದರು. ನಾನು ನನ್ನ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಅವರ ಜೊತೆ ನಿಂತರೆ ಬೇರೆಯೇ ತಮಾಷೆ. ಧಾರವಾಡದ ಬಸ್ಸು ಹತ್ತುವ ರುಮಾಲಿನ ಯಜಮಾನರನ್ನು ಗದ್ದದಲ್ಲೇ ತೋರಿಸಿ, “ಆ ಪಟಗಾದವ್ರು ನೋಡು, ಮ್ಯಾಲಿಂದು ನಂದು. ಅಕಾ, ಬಳಿ ಚೀಲದ ಅಮ್ಮಾರ ನಗಾಕತ್ತಾರಲ್ಲ, ಎರಡೂ ನನ್ನವ” ಅನ್ನುವರು. ಅವರು ಮಾಡಿದ ನಗು ಊರ ತುಂಬ ಓಡಾಡುತ್ತಿತ್ತು. ಒಬ್ಬರೂ ಅವರ ಗುರುತು ಹಿಡಿದು ನಕ್ಕಿದ್ದಿಲ್ಲ. ಪರದೆಯ ಹಿಂದಿನವರ ಗುರುತು ಯಾರಿಗಿದ್ದೀತು?

ಅಂಥ ಬಾಯಿಗಳಲ್ಲಿ ಒಂದು ಅಡತಿ ಅಂಗಡಿಯ ಸಾವಕಾರರದು. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಹರಾಜು ಕೂಗುವ ದೊಡ್ಡ ಗಂಟಲು, ಪೇಟೆಯಲ್ಲಿ ತೂಕದ ಮಾತು. ಕಾಕಾ ಮಾಡಿದ ಸೆಟ್ಟನ್ನು ಅವರು ಬಹಳ ವರ್ಷಗಳಿಂದ ಹಾಕಿಕೊಂಡಿದ್ದರು. ಬಂದಾಗಲೆಲ್ಲ, “ಡಾಕ್ಟರ, ನಿಮ್ಮ ಕೈಯಾಗ ದೇವರ ಅದಾನ್ರೀ” ಎಂದು ಹೊಗಳುವರು. ಕಾಕಾ ಇತ್ತ ನನಗೆ ತಮ್ಮ ಅಂಗೈ ತೋರಿಸುವರು. ಅಕ್ರಿಲಿಕ್ಕಿನ ದ್ರವಕ್ಕೆ ಚರ್ಮ ಒಣಗಿ ಬೆರಳ ಸಂದಿಯೆಲ್ಲ ಬಿರುಕು. “ನೋಡಲೇ, ದೇವರ ಕೈ ಒಡದಾವ. ಒಂದೀಟ ಕೊಬ್ಬರಿ ಎಣ್ಣಿ ಕೊಡು.”

ಒಂದು ದಿನ ಸಾವಕಾರರ ಮೇಲಿನ ಸೆಟ್ಟು ತೊಳೆಯುವಾಗ ಬಿದ್ದು ಎರಡು ಹೋಳಾಯಿತು. ಬಂದರು. ಡಾಕ್ಟರು ಧಾರವಾಡಕ್ಕೆ ಹೋಗಿದ್ದರು. ಕಾಯುವ ಜಾಯಮಾನದವರಲ್ಲ; ಹೋಳುಗಳನ್ನು ಕರ್ಚೀಫಿನಲ್ಲಿ ಹಿಡಿದುಕೊಂಡು ಪರದೆ ಸರಿಸಿ ನೇರ ಒಳಗೇ ಬಂದುಬಿಟ್ಟರು. “ಇದನ್ನಷ್ಟು ಜೋಡಿಸಿಕೊಡ್ರಿ. ಹರಾಜಿಗೆ ನಿಲ್ಲಬೇಕು” ಅಂದರು. ಕಾಕಾ ಸ್ಟೂಲು ಕೊಟ್ಟು ಕೂಡಿಸಿದರು, ಎದುರೇ ಕೂತು ಹೋಳು ಜೋಡಿಸತೊಡಗಿದರು. ತಮ್ಮ ಕೆಲಸವನ್ನು ಅದನ್ನು ಹಾಕಿಕೊಳ್ಳುವವರೇ ನೋಡುತ್ತ ಕೂತದ್ದು ಅವರ ಜನ್ಮದಲ್ಲಿ ಅದೇ ಮೊದಲು. ಮುಖ ಅರಳಿತ್ತು. ಸಾವಕಾರರಿಗೂ ಖುಷಿಯಾಗಿ ಮಾತಿಗೆ ಇಳಿದರು.

“ಯಾವೂರ್ರಿ ನಿಮ್ಮದು?”

“ತೊರಗಲ್ಲರಿ.”

“ಹೌದೇನ್ರಿ! ದೊಡ್ಡ ಕೋಟಿ ಊರು. ಯಾರ ಪೈಕಿ?”

ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಅರ್ಥ. ಜಾತಿ ಯಾವುದು ಎಂದು ಬಾಯಿ ಬಿಟ್ಟು ಕೇಳಲು ನಾಚುವವರು ಹೀಗೆ ಕೇಳುತ್ತಾರೆ. ಕಾಕಾ ತಲೆ ಎತ್ತದೆ, “ನಾವು ಹಲ್ಲಿನವರ ಪೈಕ್ರಿ” ಅಂದರು.

ಸಾವಕಾರರು ನಕ್ಕರು. ನಗುತ್ತಲೇ ಅವರ ಕಣ್ಣು ಗೋಡೆಯ ಬುದ್ಧನ ಪಟಕ್ಕೆ ಹೋಯಿತು, ಅಲ್ಲಿಂದ ಕಾಕಾರ ಕೈಗೆ ಬಂತು. ನಗು ಅಲ್ಲಿಗೇ ನಿಂತಿತು. ಕಾಕಾ ಜೋಡಿಸಿದ ಸೆಟ್ಟನ್ನು ಮುಂದೆ ಹಿಡಿದರು. ಸಾವಕಾರರು ಕೈ ಚಾಚಲಿಲ್ಲ. “ಅಲ್ಲಿಡು” ಅಂದರು. ಬಂದಾಗ ‘ಕೊಡ್ರಿ’ ಇದ್ದದ್ದು ಹೋಗುವಾಗ ‘ಇಡು’ ಆಗಿತ್ತು. ನಮ್ಮ ಮಾತಿನಲ್ಲಿ ಒಂದು ‘ರಿ’ ಉದುರಿದರೆ ಸಾಕು, ನಿನ್ನ ಜಾಗ ಯಾವುದು ಅಂತ ಹೇಳಿದಂತೆಯೇ. ಮೇಜಿನ ಮೇಲಿಟ್ಟ ಸೆಟ್ಟನ್ನು ಕರ್ಚೀಫಿನಲ್ಲಿ ಎತ್ತಿಕೊಂಡು ಹೋದರು. ಇಷ್ಟು ಮೈಲಿಗೆ ಆದವರು ಹಲ್ಲು ಬಿಟ್ಟರೇ? ಎಲ್ಲಿಯ ಮಾತು! ಹೊಸದು ಬರುವವರೆಗೆ ಅದರಲ್ಲೇ ಉಂಡರು, ಅದರಲ್ಲೇ ಹರಾಜು ಕೂಗಿದರು.

ಹೊಸದು ಬೇಕೆಂದು ಅಂದೇ ಡಾಕ್ಟರಿಗೆ ಫೋನ್ ಹೋಗಿತ್ತು. “ನಿಮ್ಮಲ್ಲೆ ಮಾಡಿದ್ದು ಬ್ಯಾಡ, ಬೆಳಗಾವಿಯಿಂದ ತರಸ್ರಿ” ಎಂದು. ಡಾಕ್ಟರು ಅಳತೆ ತೆಗೆದು, ಪರದೆಯ ಹಿಂದೆ ಬಂದು, ಅಚ್ಚನ್ನು ಕಾಕಾರ ಮುಂದೆ ಇಟ್ಟರು. ಮುಖ ನೋಡಲಿಲ್ಲ.

“ಬೆಳಗಾವಿಗೆ ಕಳಸತೇನಿ ಅಂತ ಹೇಳೇನಿ. ಅಲ್ಲೆ ಕಳಿಸಿದ್ರ ಲಗೂ ಬರೂದಿಲ್ಲ, ಅವ್ರ ಮೊಮ್ಮಗಳ ನಿಶ್ಚಯ ಹತ್ರ ಬಂದೈತಿ. ನೀವ ಮಾಡ್ರಿ ಕಾಕಾ. ಮನಸಿಗೆ ಹಚ್ಕೋಬ್ಯಾಡ್ರಿ.”

ಕಾಕಾ ಬಹಳ ಹೊತ್ತು ಅಚ್ಚನ್ನು ತಿರುವಿ ತಿರುವಿ ನೋಡಿದರು. ಆಮೇಲೆ ಅಂದರು: “ಮಾಡತೇನ್ರಿ. ಆದ್ರ ಒಂದ ಮಾತು. ಹಾಕ್ಕೊಂಡು, ಛಲೋ ಕುಂತಾವ ಅಂತ ಅವ್ರ ಬಾಯಿಲೆ ಅಂದ ಮ್ಯಾಲ, ಇವನ್ನ ಯಾರ ಮಾಡಿದ್ರು ಅಂತ ನೀವ ಹೇಳಬೇಕು. ನಾ ಎದುರಿಗೆ ನಿಂತಿರತೇನಿ. ಇಷ್ಟ ವರ್ಷಾತು, ನಿಮಗ ಏನೂ ಕೇಳಿಲ್ಲ.”

“ಆತ್ರಿ, ಹೇಳೂಣಂತ” ಅಂದರು ಡಾಕ್ಟರು.

ನಮ್ಮ ಕಡೆ ‘ಹೇಳೂಣಂತ’ ಅಂದರೆ ಹೇಳುವುದಿಲ್ಲ ಅಂತಲೇ. ಸಾಲಿ ಹುಡುಗರಿಗೂ ಗೊತ್ತು. ದೇವರಾಣೆ ಮಾಡಿ ಹೇಳಿದರೂ ಯಾರನ್ನೂ ನಂಬದ ಕಾಕಾ ಆ ಒಂದು ಮಾತನ್ನು ಹೇಗೆ ನಂಬಿದರೋ, ನನಗೆ ಇಂದಿಗೂ ತಿಳಿಯದು. ಮನುಷ್ಯನಿಗೆ ಒಂದು ವಸ್ತು ತೀರಾ ಬೇಕಾದಾಗ ಬುದ್ಧಿ ಕೆಲಸ ಮಾಡುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ, ಒಂದು ಸಲ, ಒಬ್ಬ ಮನುಷ್ಯನ ಎದುರು, ‘ಇವರು ಮಾಡಿದ್ದು’ ಅನ್ನುವ ಮಾತು.

ಆ ಸೆಟ್ಟನ್ನು ಅವರು ನನ್ನ ಕೈಗೆ ಮುಟ್ಟಗೊಡಲಿಲ್ಲ. ಮೇಣ ಕರಗಿಸಿ ತೆಗೆದ ಪೆಟ್ಟಿಗೆ ಇನ್ನೂ ಬೆಚ್ಚಗಿರುವಾಗಲೇ ಪಡದಾದ ಬಾಟಲಿ ತೆರೆದು ಕುಂಚ ಅದ್ದಿದರು. ನಾನು ಪಕ್ಕದಲ್ಲಿ ನಿಂತಿದ್ದೆ. 

“ಕಾಕಾ, ಹಲ್ಲಿಗೂ ಒಂದ ಸಲ ಎಳದ ಬಿಡ್ರಿ. ನಿಶ್ಚಯದ ಊಟದಾಗ, ಬೀಗರ ಎದುರಿಗೆ ಉದುರಲಿ. ಯಾರಿಗೂ ಗೊತ್ತಾಗೂದಿಲ್ಲ.”

ಕುಂಚ ಅಲ್ಲೇ ನಿಂತಿತು. ಹಲ್ಲುಗಳ ಸಾಲಿನ ಮೇಲೆ, ತಾಗಿಯೂ ತಾಗದಂತೆ. ಅವರಿಗೂ ಆ ಯೋಚನೆ ಬಂದಿತ್ತು ಅಂತ ನನಗೆ ಆಗ ಗೊತ್ತಾಯಿತು.

“ಉದುರಿದ್ರ ಏನಂತಾರ? ಬೆಳಗಾವಿ ಕೆಲಸ ಹಲ್ಕಾ ಆತು ಅಂತಾರ. ಭಾಳ ಆದ್ರ ಡಾಕ್ಟರ ಹೆಸರ ಕೆಡತೈತಿ. ನನ್ನ ಹೆಸರ ಎಲ್ಲೈತಿ ಕೆಡಾಕ? ಸೇಡ ತೀರಿಸ್ಕೊಳ್ಳಾಕೂ ಮದಲ ಒಂದ ಹೆಸರ ಬೇಕಾಗತೈತಿ, ಹುಚ್ಚಿ.”

ಪ್ಲಾಸ್ಟರಿಗಷ್ಟೇ ಹಚ್ಚಿದರು. ಕುಂಚ ತಪ್ಪಿ ಎಲ್ಲಾದರೂ ತಾಗಿದ್ದೀತೆಂದು ಹತ್ತಿಯ ಚೂರಿನಿಂದ ಒಂದೊಂದು ಹಲ್ಲಿನ ಬುಡವನ್ನೂ ಒರೆಸಿದರು. ಮಕ್ಕಳ ಮೂಗು ಒರೆಸುವವರ ಹಾಗೆ, ಬೈಯುತ್ತ ಬೈಯುತ್ತ.

ಸಾವಕಾರರು ಬರುವ ದಿನ ಕಾಕಾ ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೆಲಸದ ಏಪ್ರನ್ ಕಟ್ಟಿಕೊಳ್ಳಲಿಲ್ಲ. ಪರದೆಯ ಅಂಚಿಗೆ ನಾವಿಬ್ಬರೂ ನಿಂತೆವು. ಡಾಕ್ಟರು ಹಳೆಯ ಸೆಟ್ಟು ತೆಗೆದು ಸ್ಟೀಲಿನ ತಟ್ಟೆಯಲ್ಲಿಟ್ಟರು, ಹೊಸದನ್ನು ಕೂಡಿಸಿದರು, ಕಚ್ಚಿ ನೋಡಲು ಹೇಳಿದರು. ಸಾವಕಾರರು ಕಚ್ಚಿದರು, ಛಲೋ ಅದಾವ ಎಂದು ಗೋಣು ಹಾಕಿದರು. ಎಲ್ಲೋ ಒಂದು ಕಡೆ ತುಸು ಒತ್ತುತ್ತದೆ ಎಂದು ತೋರಿಸಿದಾಗ, ಡಾಕ್ಟರು ಹೊಸದನ್ನೂ ತೆಗೆದು ಉಜ್ಜಿ, ಹಳೆಯದರ ಪಕ್ಕಕ್ಕೆ ಇಟ್ಟರು. ಆಗ ಸಾವಕಾರರು ಬರಿ ಒಸಡಿನಲ್ಲೇ, ಗಾಳಿ ತುಂಬಿದ ಮಾತಿನಲ್ಲಿ, ಬೆಳಗಾವಿಯಿಂದ ಯಾವಾಗ ಬಂದವು ಎಂದು ಕೇಳಿದರು.

ಕಾಕಾ ಅಂಗಿಯ ಕಾಲರು ಸರಿಮಾಡಿಕೊಂಡರು.

“ನಿನ್ನೇನ ಬಂದಾವ್ರಿ ಸಾವಕಾರ್ರ” ಅಂದರು ಡಾಕ್ಟರು. “ಬೆಳಗಾವಿ ಕೆಲಸ ಅಂದ್ರ ಬೆಳಗಾವಿ ಕೆಲಸಾನ.”

ಕಾಕಾ ಪರದೆ ಸರಿಸಿದರು. ಸಾವಕಾಶ ನಡೆದು ಹೋಗಿ ಕುರ್ಚಿಯ ಎದುರು ನಿಂತರು. ದನಿ ಏರಿಸಲಿಲ್ಲ.

“ಸಾವಕಾರ್ರ, ಇವು ಬೆಳಗಾವಿವಲ್ರಿ. ನಾ ಮಾಡಿದ್ದು. ಬಾಜೂಕ ಇಟ್ಟಾರಲ್ಲ, ಆ ಹಳೇವೂ ನಾನ ಮಾಡಿದ್ದು. ಇಷ್ಟ ವರ್ಷ ನೀವು ಉಂಡದ್ದು ನನ್ನ ಕೈಯಾಗಿಂದನ. ಡಾಕ್ಟರ ಹೇಳತೇನಿ ಅಂದಿದ್ರು. ಮರತಿರಬೇಕು. ಅದಕ್ಕ ನಾನ ಬಂದು ಹೇಳಿದೆ.”

“ಕಾಕಾ, ಒಳಗ ನಡೀರಿ” ಎಂದರು ಡಾಕ್ಟರು. ಕಾಕಾ ಅಲುಗಲಿಲ್ಲ.

ಸಾವಕಾರರ ಮುಖ ಕೆಂಪಾಯಿತು. ಬಾಯಿ ತೆರೆದರು, ಮುಚ್ಚಿದರು. ಹಲ್ಲಿಲ್ಲದ ಬಾಯಿಯ ಸಿಟ್ಟು ಬರಿಯ ಗಾಳಿಯಾಗಿ, ಉಗುಳಾಗಿ ಹೊರಗೆ ಬಂತು. ಮಾರ್ಕೆಟ್ ಯಾರ್ಡನ್ನೇ ನಡುಗಿಸುವ ಗಂಟಲು ಒಂದು ಬೈಗುಳವನ್ನೂ ನೆಟ್ಟಗೆ ಆಡಲಾರದೆ ಹೋಯಿತು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ತಟ್ಟೆಯಲ್ಲಿ ಎರಡು ಸೆಟ್ಟು ಇದ್ದವು, ಎರಡೂ ಕಾಕಾರವು. ಮೂರನೆಯದು ಇರಲಿಲ್ಲ. ಈ ಮನುಷ್ಯ ಈಗ ಬೊಚ್ಚುಬಾಯಲ್ಲೇ ಪೇಟೆಯ ನಡುವೆ ನಡೆದು ಮನೆಗೆ ಹೋಗಬೇಕು, ಇಲ್ಲವೇ ಕಾಕಾರ ಕೈಯನ್ನು ಒಪ್ಪಿಕೊಳ್ಳಬೇಕು ಅಂದುಕೊಂಡೆ. ಕಾಕಾ ಕೂಡ ಹಾಗೇ ಅಂದುಕೊಂಡಿರಬೇಕು. ಅವರ ತುಟಿಯಲ್ಲಿ ಒಂದು ಸಣ್ಣ ನಗು ಇತ್ತು. ಮದುವೆಯ ಮನೆಯಲ್ಲಿ ಹೆಸರು ಹಿಡಿದು ಊಟಕ್ಕೆ ಕರೆದಾಗ ಬರುವಂಥದ್ದು.

ಸಾವಕಾರರು ಎದ್ದರು. ತಟ್ಟೆಗೆ ಕೈ ಹಾಕಿ ಹೊಸ ಸೆಟ್ಟನ್ನೇ ತೆಗೆದುಕೊಂಡರು. ನಳದ ಕೆಳಗೆ ಹಿಡಿದು ತೊಳೆದರು, ಮತ್ತೊಮ್ಮೆ ತೊಳೆದರು. ಮೇಲಿನದು ಹಾಕಿಕೊಂಡರು, ಕೆಳಗಿನದು ಹಾಕಿಕೊಂಡರು, ಬಿಗಿಯಾಗಿ ಕಚ್ಚಿದರು. ಕರ್ಚೀಫಿನಿಂದ ತುಟಿ ಒರೆಸಿಕೊಂಡು, ಕಾಕಾರ ಕಡೆ ತಿರುಗಿಯೂ ನೋಡದೆ ಡಾಕ್ಟರಿಗೆ ಹೇಳಿದರು:

“ಸಂಜೀ ಒಳಗ ಈ ಮನಿಶ್ಯಾನ್ನ ಇಲ್ಲಿಂದ ಬಿಡಸ್ರಿ. ಇಲ್ಲಂದ್ರ ಪ್ಯಾಟ್ಯಾಗಿನ ಒಬ್ಬ ಸಾವಕಾರನೂ ನಿಮ್ಮ ಮೆಟ್ಟಲಾ ಹತ್ತೂದಿಲ್ಲ.”

“ಆತ್ರಿ” ಅಂದರು ಡಾಕ್ಟರು.

ಹೊಸ ಸೆಟ್ಟು ಹಾಕಿಕೊಂಡವರು ಮೊದಮೊದಲು ತೊದಲುತ್ತಾರೆ. ‘ಸ’ ಅನ್ನಲು ಹೋದರೆ ಸಿಳ್ಳೆ ಬರುತ್ತದೆ, ಮಾತಿನ ನಡುವೆ ಕೆಳಗಿನದು ಎದ್ದು ಬರುತ್ತದೆ. ಸಾವಕಾರರ ಬಾಯಲ್ಲಿ ಒಂದಕ್ಷರವೂ ಜಾರಲಿಲ್ಲ. ಅಷ್ಟು ಛಲೋ ಕೂತಿದ್ದವು ಕಾಕಾರ ಹಲ್ಲು.